ಹೆಸರು ಹೇಳದ ಮರ್ವ್ ಪ್ಯಾಸ್ಕೋ

ಶನಿವಾರ ಬೆಳಿಗ್ಗೆ ಹತ್ತಕ್ಕೆ ರೇಡಿಯೋದಲ್ಲಿ ಫುಟ್‌ಬಾಲ್ ಕೇಳುಗರ ಮಾತುಕತೆ ಶುರುವಾದರೆ, ಹತ್ತೂಕಾಲರೊಳಗೆ ಮರ್ವ್ ಪ್ಯಾಸ್ಕೋನ ದನಿ ಬರಲೇಬೇಕು. ನಮ್ಮೂರು ಕೂರಂಬ್ರಾದ ಬೇಕರಿಯಲ್ಲಿ ಬಿಸಿ ಮಾಂಸದ ಪೈಗೆ ಕಾಯುತ್ತಿದ್ದವರು "ಬಂತು ನೋಡು, ನಮ್ಮೂರ ಕಹಳೆ" ಎಂದು ನಗುತ್ತಿದ್ದರು. ವಿಷಯ ಪ್ರತಿ ಸಲವೂ ಒಂದೇ. ದೊಡ್ಡ ಲೀಗಿನಲ್ಲಿ ಆಟಗಾರನೊಬ್ಬ ಮಾದಕ ಪುಡಿ ಸೇವಿಸಿ ಮೊದಲ ಸಲ ಸಿಕ್ಕಿಬಿದ್ದರೆ ಹೆಸರು ಹೊರಗೆ ಬರುವುದಿಲ್ಲ. ಡಾಕ್ಟರು ಕರೆದು ಮಾತಾಡಿಸುತ್ತಾರೆ, ಚಿಕಿತ್ಸೆ ಕೊಡುತ್ತಾರೆ. ಆ ನೀತಿಯ ಮಾತೆತ್ತಿದರೆ ಸಾಕು, ಮರ್ವ್‌ಗೆ ಮೈಯೆಲ್ಲ ಉರಿ.

"ಹೆಸರು ಹೇಳ್ರೀ ಅಂತೀನಿ! ನಾನು ಹಾಲಿನ ಫ್ಯಾಕ್ಟರೀಲಿ ಕುಡಿದು ಬಂದು ಮಿಷನ್ ಮುಟ್ಟಿದ್ರೆ ಪಕ್ಕದಲ್ಲಿ ಕೂರಿಸ್ಕೊಂಡು ತಲೆ ಸವರ್ತಿದ್ರಾ? ಗೇಟಿಂದ ಆಚೆ ನೂಕ್ತಿದ್ರು. ಚೆಂಡು ಒದೆಯೋನಿಗೆ ಮಾತ್ರ ಯಾಕ್ರೀ ಈ ಗುಟ್ಟು? ಅವನ ಹೆಸರು ಬೆನ್ನ ಮೇಲೆ ಬರ್ಕೊಂಡು ಮಕ್ಕಳು ಓಡಾಡ್ತಾವೆ. ಆ ಮಕ್ಕಳಿಗೆ ಗೊತ್ತಾಗ್ಬೇಕೋ ಬೇಡ್ವೋ?"

ನಿರೂಪಕ "ಧನ್ಯವಾದ ಮರ್ವ್" ಎಂದು ಮೆಲ್ಲಗೆ ಸಾಗಹಾಕುತ್ತಿದ್ದ. ಮರ್ವ್ ಫೋನಿಟ್ಟು, ಗೆದ್ದವನ ಹಾಗೆ ಮುಖ ಮಾಡಿಕೊಂಡು ಮೈದಾನಕ್ಕೆ ಬರುತ್ತಿದ್ದ.

ನಾನು ಕೆಲ್ವಿನ್. ಅವನ ಜೊತೆ ಹಾಲಿನ ಫ್ಯಾಕ್ಟರಿಯಲ್ಲಿ ಇಪ್ಪತ್ತಾರು ವರ್ಷ ದುಡಿದವನು. ಅವನು ಬೆನ್ನುನೋವೆಂದು ಕೆಲಸ ಬಿಟ್ಟ ಮೇಲೂ ಅವನನ್ನು ಬಿಡದವನು. ನಮ್ಮೂರ ಫುಟ್‌ಬಾಲ್ ಕ್ಲಬ್ಬಿನ ಡ್ರೆಸ್ಸಿಂಗ್ ರೂಮಿನಲ್ಲಿ ಎರಡು ಮೇಜು, ನಡುವೆ ಒಂದು ಕಂದು ಪರದೆ. ಆ ಕಡೆಯದು ಮರ್ವ್‌ನದು, ಈ ಕಡೆಯದು ನನ್ನದು. ಆಟಕ್ಕೆ ಮೊದಲು ಹುಡುಗರ ಕಣಕಾಲಿಗೆ ಪಟ್ಟಿ ಸುತ್ತುವುದು, ತೊಡೆಗೆ ಎಣ್ಣೆ ಹಚ್ಚಿ ತಿಕ್ಕುವುದು ನಮ್ಮ ಕೆಲಸ. ಮೇಜಿನ ಮೇಲೆ ಬೋರಲು ಮಲಗಿದ ಗಂಡಸು ಏನೇನೋ ಮಾತಾಡುತ್ತಾನೆ. ಎದುರಿಗೆ ಮುಖವಿಲ್ಲ, ಬರೀ ನೆಲ. ಹೆಂಡತಿ ಬಿಟ್ಟುಹೋದದ್ದು, ಕೆಲಸ ಹೋದದ್ದು, ಕೋಚ್ ಮೇಲಿನ ಸಿಟ್ಟು, ಎಲ್ಲ ಹೊರಗೆ ಬರುತ್ತದೆ. ಅಲ್ಲಿ ಕೇಳಿದ್ದನ್ನು ಆಚೆ ಹೇಳಬಾರದು. ಇದನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ. ನಮ್ಮಪ್ಪನ ಕಾಲದಿಂದಲೂ ಹಾಗೇ ಇದೆ.

ಬರೆದಿಟ್ಟದ್ದು ಇನ್ನೊಂದಿತ್ತು. ಅದು ಮರ್ವ್‌ನ ಕೈಬರಹ. ಮೂರು ವರ್ಷದ ಹಿಂದೆ ವಾರ್ಷಿಕ ಸಭೆಯಲ್ಲಿ ಮೇಜು ಗುದ್ದಿ ಗುದ್ದಿ ಪಾಸು ಮಾಡಿಸಿದ್ದ: ನಮ್ಮ ಕ್ಲಬ್ಬಿನಲ್ಲಿ ಪುಡಿ ಮುಟ್ಟಿದವನ ಹೆಸರನ್ನು ಬಾಗಿಲಿಗೆ ಅಂಟಿಸಿ ಹೊರಗೆ ಹಾಕಬೇಕು, ಗೊತ್ತಿದ್ದೂ ಮುಚ್ಚಿಟ್ಟವನನ್ನೂ ಹೊರಗೆ ಹಾಕಬೇಕು. ವರ್ಷದ ಕೊನೆಯ ಫೈನಲ್ ಸುತ್ತಿನ ಆಟಗಳು ಶುರುವಾಗುವ ಮೊದಲು, ನಾವಿಬ್ಬರೂ ಸೇರಿ ಪದಾಧಿಕಾರಿಗಳೆಲ್ಲ 'ಇಂಥವರು ಯಾರೂ ನನಗೆ ಗೊತ್ತಿಲ್ಲ' ಎಂದು ಸಹಿ ಹಾಕಬೇಕು. ಎರಡು ವರ್ಷ ಸಹಿ ಹಾಕಿದೆವು, ಬಿಯರ್ ಕುಡಿದೆವು, ಅಷ್ಟೇ.

ಮೂರನೇ ವರ್ಷ ಜುಲೈ ತಿಂಗಳ ಒಂದು ಗುರುವಾರ ಅಭ್ಯಾಸದ ಸಂಜೆ. ನಮ್ಮ ಕಡೆ ಜುಲೈ ಎಂದರೆ ನಡುಚಳಿಗಾಲ, ಹೊರಗೆ ಮೂಳೆ ಕೊರೆಯುವ ಚಳಿ. ಬ್ರಾಡಿ ಲೆನ್‌ಹಾನ್ ಆ ಕಡೆಯ ಮೇಜಿನ ಮೇಲೆ ಮಲಗಿದ್ದ. ಇಪ್ಪತ್ಮೂರು ವರ್ಷ, ನಮ್ಮ ತಂಡದಲ್ಲಿ ಅತಿ ಹೆಚ್ಚು ಗೋಲು ಹೊಡೆಯುವವನು. ಅವನ ಅಪ್ಪ ಕುಡಿದು ಕಾರನ್ನು ಮರಕ್ಕೆ ಗುದ್ದಿ ಸತ್ತಿದ್ದ. ಅಮ್ಮ ನೋಲೀನ್ ಕ್ಲಬ್ಬಿನ ಕ್ಯಾಂಟೀನ್ ನೋಡಿಕೊಳ್ಳುತ್ತಿದ್ದಳು. ನಾನು ಪರದೆಯ ಈ ಕಡೆ ಪಟ್ಟಿ ಕತ್ತರಿಸುತ್ತಿದ್ದೆ.

"ಮರ್ವ್, ನನ್ ಕೈಲಿ ಬಿಡಕ್ಕಾಗ್ತಿಲ್ಲ."

"ಏನು ಬಿಡಕ್ಕೆ?"

"ಪುಡಿ. ಈಸ್ಟರ್‌ನಿಂದ. ಮೊದ್ಲು ಶನಿವಾರ ಮಾತ್ರ ಇತ್ತು. ಈಗ ಯಾವ ವಾರ ಅಂತಿಲ್ಲ."

ತಿಕ್ಕುವ ಸದ್ದು ನಿಂತಿತು. ನನ್ನ ಕತ್ತರಿಯೂ ನಿಂತಿತು. ಈಗ ಕೂಗುತ್ತಾನೆ, ಈಗ ಮೇಜಿನಿಂದ ಎಳೆದು ಹಾಕುತ್ತಾನೆ ಎಂದು ಕಾದೆ. ಸ್ವಲ್ಪ ಹೊತ್ತಿನ ಮೇಲೆ ತಿಕ್ಕುವ ಸದ್ದು ಮತ್ತೆ ಶುರುವಾಯಿತು.

"ನಿಮ್ಮಮ್ಮಂಗೆ ಗೊತ್ತಾ?"

"ಗೊತ್ತಾದ್ರೆ ಅವಳು ಉಳಿಯಲ್ಲ ಮರ್ವ್. ಅಪ್ಪ ಹಂಗೆ ಹೋದ್ಮೇಲೆ..."

"ಅಲ್ಲಾಡ್ಬೇಡ. ತೊಡೆ ಬಿಗಿಯಾಗಿದೆ."

ಮುಂದಿನ ಮಂಗಳವಾರದಿಂದ ಮರ್ವ್ ಬ್ರಾಡಿಯನ್ನು ತನ್ನ ಹಳೇ ಕಾರಿನಲ್ಲಿ ಎರಡು ಊರಾಚೆಗಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗತೊಡಗಿದ. ಕೇಳಿದವರಿಗೆ ತೊಡೆಯ ನೋವಿಗೆ ಎಂದ. ಶನಿವಾರ ಬೆಳಿಗ್ಗೆ ರೇಡಿಯೋದಲ್ಲಿ ಅವನ ದನಿ ಬರಲಿಲ್ಲ. "ಏನೋ ಮರ್ವ್, ಗಂಟಲು ಬಿದ್ದೋಯ್ತಾ?" ಎಂದು ಬೇಕರಿಯವನು ಕೆಣಕಿದ. ಆ ವಾರವೇ ದೊಡ್ಡ ಲೀಗಿನ ಆಟಗಾರನೊಬ್ಬನ ಬಗ್ಗೆ ಗುಸುಗುಸು ಎದ್ದಿತ್ತು, ಪೇಪರಿನ ತುಂಬ ಅದೇ. ನಾನೂ ಸುಮ್ಮನಿರಲಾರದೆ, "ಫೋನ್ ಮಾಡಲ್ವೇನೋ?" ಎಂದು ಕೇಳಿಬಿಟ್ಟೆ.

"ನನ್ ಮಾತು ಅದೇ," ಎಂದ, ಸಿಟ್ಟಿನಿಂದ. "ಹೆಸರು ಹೇಳ್ಲೇಬೇಕು. ಬದಲಾಗಿಲ್ಲ. ಆದ್ರೆ ಅವ್ನು ಯಾರ ಹತ್ರಾನಾದ್ರೂ ತಾನೇ ಹೋಗಿ ಹೇಳ್ಕೊಂಡಿದ್ರೆ? ಹೇಳ್ಕೊಂಡೋನನ್ನೂ ಸಿಕ್ಕಿಬಿದ್ದೋನನ್ನೂ ಒಂದೇ ತಕ್ಕಡೀಲಿ ಹಾಕೋದಾ? ಅದನ್ನ ಬರೀಬೇಕಾಗಿತ್ತು ಕೆಲ್. ಬರೀಲಿಲ್ಲ ನಾನು. ಹೊಳೀಲೇ ಇಲ್ಲ."

ಆಗಸ್ಟ್ ಕೊನೆಯಲ್ಲಿ ಸಹಿಯ ದಿನ ಬಂತು. ಅಧ್ಯಕ್ಷ ಗ್ರೇಮ್ ಸ್ಟಡ್ ಕಾಗದ ಹರಡಿ ಪೆನ್ನು ಇಟ್ಟ. ಒಬ್ಬೊಬ್ಬರೇ ಹೋಗಿ ಗೀಚಿ ಬಂದರು. ನಾನೂ ಹೋದೆ. ಗೊತ್ತಿದ್ದೂ ಸಹಿ ಹಾಕಿದೆ, ಅದನ್ನು ಈಗಲೂ ನಾಚಿಕೆಯಿಂದಲೇ ಹೇಳುತ್ತೇನೆ. ನನ್ನ ಹೆಸರಿನ ಕೆಳಗೆ ಮರ್ವ್‌ನ ಜಾಗ. ಅವನು ಪೆನ್ನು ತೆಗೆದುಕೊಂಡು, ಕಾಗದ ಪೂರ್ತಿ ಓದಿ, ಪೆನ್ನು ಕೆಳಗಿಟ್ಟ.

"ಹಾಕಲ್ಲ ಗ್ರೇಮ್."

"ಏನು ಹಾಕಲ್ಲ?"

"ಸಹಿ."

ಯಾರೋ ನಕ್ಕರು, ತಮಾಷೆ ಎಂದುಕೊಂಡು. ಗ್ರೇಮ್ ನಗಲಿಲ್ಲ. "ಅಂದ್ರೆ ಯಾರೋ ಇದ್ದಾರೆ. ನಿನಗೆ ಗೊತ್ತು."

"ಸಹಿ ಹಾಕಲ್ಲ ಅಂದೆ. ಅಷ್ಟೇ ಅಂದಿದ್ದು."

"ಹೆಸರು ಹೇಳು ಮಾರಾಯ. ಇಲ್ಲಾಂದ್ರೆ ನಿನ್ನನ್ನೇ ಹೊರಗೆ ಹಾಕ್ಬೇಕಾಗತ್ತೆ. ಆ ನಿಯಮ ನೀನೇ ಬರೆದಿದ್ದು."

"ಬರೆಯೋಕೆ ಬಂದೋನಿಗೆ ಓದೋಕೂ ಬರತ್ತೆ," ಎಂದು ಮರ್ವ್ ರೂಮಿನ ಬೀಗದ ಕೈಯನ್ನು ಕಾಗದದ ಮೇಲಿಟ್ಟ.

ಆ ದಿನ ಜ್ವರ ಎಂದು ಮನೆಯಲ್ಲಿ ಮಲಗಿದ್ದರೆ ಆಗುತ್ತಿತ್ತು. ಅಷ್ಟು ಉಪಾಯ ಅವನಿಗೆ ಹೊಳೆಯುವುದಿಲ್ಲ, ನನಗೆ ಹೊಳೆಯುತ್ತದೆ. ಕಾರಿನವರೆಗೂ ಅವನ ಹಿಂದೆ ಹೋದೆ. ಅವನು ತಿರುಗಿ, "ನಿನಗೂ ಕೇಳಿಸಿತ್ತು ಅವತ್ತು," ಎಂದ. ನಾನು ತಲೆಯಾಡಿಸಿದೆ. ಬೈಯುತ್ತಾನೆ ಎಂದುಕೊಂಡಿದ್ದೆ. "ಇರ್ಲಿ. ಇಬ್ರೂ ಹೊರಗೆ ಬಂದ್ರೆ ಅವನ ಕಾಲು ನೋಡೋರ್ಯಾರು? ಡಾಕ್ಟ್ರು ಇನ್ನೂ ಆರು ವಾರ ಬೇಕು ಅಂದಿದ್ದಾರೆ. ತಾನೇ ಹೇಳ್ಬಿಡ್ತೀನಿ ಅಂತ ಅಳ್ತಾನೆ. ಈಗ ಊರ ಬಾಯಿಗೆ ಬಿದ್ರೆ ಸೀದಾ ಪುಡಿ ಹತ್ರಾನೇ ವಾಪಸ್ ಹೋಗ್ತಾನೆ, ಬಾಯಿ ಮುಚ್ಕೊಂಡಿರು ಅಂದಿದ್ದೀನಿ."

ಕ್ಲಬ್ಬಿನಿಂದ ಹೊರಬಿದ್ದ ಮರ್ವ್ ರೂಮಿನೊಳಗೆ ಕಾಲಿಡುವಂತಿಲ್ಲ, ಆದರೆ ಮೈದಾನದ ಬೇಲಿಗೆ ಕಾರು ನಿಲ್ಲಿಸಿ ನೋಡುವುದನ್ನು ಯಾರೂ ತಡೆಯುವಂತಿಲ್ಲ. ನಮ್ಮಲ್ಲಿ ಅರ್ಧ ಊರು ಹಾಗೇ ನೋಡುವುದು. ಬೇಲಿಗೆ ಮೂತಿ ಚಾಚಿ ಕಾರುಗಳು ಸುತ್ತ ನಿಂತಿರುತ್ತವೆ, ಗೋಲು ಬಿದ್ದರೆ ಎಲ್ಲರೂ ಹಾರ್ನ್ ಹೊಡೆಯುತ್ತಾರೆ. ಫೈನಲ್ ಸುತ್ತಿನ ಮೊದಲ ಆಟದ ದಿನ ಮರ್ವ್ ಸ್ಕೋರ್ ಬೋರ್ಡಿನ ಪಕ್ಕ ನಿಲ್ಲಿಸಿದ. ಎಡಕ್ಕೂ ಬಲಕ್ಕೂ ಒಂದೊಂದು ಕಾರಿನ ಜಾಗ ಖಾಲಿಯೇ ಉಳಿಯಿತು.

ಊರಿಗೆ ಹೆಸರು ಬೇಕಾಗಿತ್ತು. ಸಿಗದಿದ್ದಾಗ ಊರು ತಾನೇ ಒಂದನ್ನು ಹುಡುಕಿಕೊಂಡಿತು. ನಮ್ಮ ತಂಡದಲ್ಲಿ ಟೆವಿತಾ ಎಂಬವನಿದ್ದ. ಟೊಂಗಾ ದ್ವೀಪದವನು, ಎಲೆಕೋಸಿನ ತೋಟದಲ್ಲಿ ಕೆಲಸ, ಆರೂಮುಕ್ಕಾಲಡಿ ಎತ್ತರ, ಮಾತು ಕಡಿಮೆ, ಬಿಯರನ್ನೂ ಮುಟ್ಟದವನು. "ಮಾತಾಡ್ದೇ ಇರೋನೇ ನೋಡು, ಅವನೇ" ಎಂದು ಮೈದಾನದಲ್ಲಿ ಸಾಸೇಜ್ ಕೊಳ್ಳಲು ನಿಂತವರ ಸಾಲಿನಲ್ಲಿ ಶುರುವಾಗಿ ತೋಟದ ಮೇಸ್ತ್ರಿಯ ಕಿವಿಗೂ ಬಿತ್ತು. ನಿಜವಾದರೆ ದ್ವೀಪಕ್ಕೆ ವಾಪಸ್ ಕಳಿಸುತ್ತೇನೆ ಎಂದನಂತೆ ಮೇಸ್ತ್ರಿ.

ಆಟದ ನಾಲ್ಕು ಕ್ವಾರ್ಟರ್‌ಗಳಲ್ಲಿ ಎರಡನೆಯದು ಮುಗಿದು ವಿರಾಮವಾದಾಗ ನಾನು ಮರ್ವ್‌ನ ಕಾರಿನಲ್ಲಿ ಟೀ ಕುಡಿಯುತ್ತಿದ್ದೆ. ಟೆವಿತಾನ ಹೆಂಡತಿ ಸೆಲಾ ಮಗುವನ್ನೆತ್ತಿಕೊಂಡು ಬಂದು ಕಿಟಕಿಯ ಹತ್ತಿರ ನಿಂತಳು.

"ಮರ್ವ್ ಅವರೇ, ಒಂದೇ ಮಾತು ಕೇಳ್ತೀನಿ. ನಮ್ಮವರಾ?"

ಅವನು ಅವಳ ಮುಖ ನೋಡಿದ, ಮಗುವಿನ ಮುಖ ನೋಡಿದ. "ಅಲ್ಲಮ್ಮ. ನಿನ್ ಗಂಡ ಅಲ್ಲ. ಯಾರಾದ್ರೂ ಹಂಗಂದ್ರೆ ನನ್ನ ಹತ್ರ ಕಳ್ಸು."

ಅವಳು ಹೋದ ಮೇಲೆ, "ಬಾಯಿ ಬಿಟ್ಟೆಯಲ್ಲೋ," ಎಂದೆ.

"ಇನ್ನೇನ್ ಮಾಡ್ಲಿ? ಮಾಡದ ತಪ್ಪಿಗೆ ಅವ್ರು ಮೂಟೆ ಕಟ್ಬೇಕಾ?"

"ಅಲ್ಲ ಕಣೋ. ಒಬ್ಬರಿಗೆ ಅಲ್ಲ ಅಂದೆ. ಇನ್ನು ಉಳಿದೋರೆಲ್ಲ ಬರ್ತಾರೆ. ಯಾರಿಗೆ ಸುಮ್ಮನಿರ್ತೀಯೋ ಅವರ ಮಗನೇ ಅಂತಾಗತ್ತೆ."

ಮರ್ವ್ ಸ್ಟೀರಿಂಗ್ ಹಿಡಿದುಕೊಂಡು ಕೂತ. ಅವನಿಗೆ ಅದು ಆಗಷ್ಟೇ ಅರ್ಥವಾಯಿತು.

ಸೋಮವಾರದಿಂದ ಬಂದರು. ತಂಡದಲ್ಲಿ ಇಪ್ಪತ್ತೆರಡು ಜನ. ಕ್ಯಾಪ್ಟನ್ನನ ಅಮ್ಮ ಅಂಚೆ ಕಚೇರಿಯಲ್ಲಿ ಹಿಡಿದಳು. ಒಬ್ಬ ಅಪ್ಪ ಪೆಟ್ರೋಲ್ ಬಂಕಿನಲ್ಲಿ ಟೋಪಿ ತೆಗೆದು ಕೇಳಿದ. ಇನ್ನೊಬ್ಬಾಕೆ ತೆಂಗಿನ ತುರಿ ಹಾಕಿದ ಕೇಕು ತಂದು ಬಾಗಿಲಲ್ಲಿ ನಿಂತಳು. ಕೇಕಿಗೆ ತಟ್ಟೆ ಕೊಡುವ ಮೊದಲೇ, "ನಿಮ್ಮೋನಲ್ಲ," ಎಂದ ಮರ್ವ್. ಅಲ್ಲ, ಅಲ್ಲ, ನಿಮ್ಮವನೂ ಅಲ್ಲ. ಪ್ರತಿಯೊಂದು 'ಅಲ್ಲ'ಕ್ಕೂ ಉಳಿದವರ ಸಂಖ್ಯೆ ಕಡಿಮೆಯಾಗುತ್ತಿತ್ತು. ರಾತ್ರಿ ನಿದ್ದೆಯಿಲ್ಲ, ಊಟ ಸೇರುವುದಿಲ್ಲ ಎಂದು ಅವನ ಹೆಂಡತಿ ನನ್ನ ಹತ್ತಿರ ಹೇಳಿಕೊಂಡಳು. ಊರು ಬಿಟ್ಟು ಮಗಳ ಮನೆಗೆ ಹೋಗೋಣವೆಂದರೆ ಮಂಗಳವಾರ ಬ್ರಾಡಿಯನ್ನು ಕರೆದುಕೊಂಡು ಹೋಗಬೇಕು.

ನೋಲೀನ್ ಲೆನ್‌ಹಾನ್ ಬಂದದ್ದು ಗುರುವಾರ. ಮರ್ವ್ ಅಂಗಳದಲ್ಲಿ ಗುಲಾಬಿ ಗಿಡ ಕತ್ತರಿಸುತ್ತಿದ್ದ, ನಾನು ಕಡ್ಡಿಗಳನ್ನು ಆರಿಸುತ್ತಿದ್ದೆ. ಅವಳು ಗೇಟು ದಾಟಲಿಲ್ಲ.

"ನಾನೇ ಕೊನೇವಳು ಅನ್ಸತ್ತೆ ಮರ್ವ್. ಧೈರ್ಯ ಬರ್ಲಿಲ್ಲ. ಇವ್ರು ಹೋದಾಗ ಮೊದ್ಲು ಬಂದೋನು ನೀನು. ನನಗೆ ಸುಳ್ಳು ಹೇಳ್ಬೇಡ. ನಮ್ ಬ್ರಾಡಿ ಅಲ್ಲ ತಾನೇ?"

ನಾನು ನೆಲ ನೋಡುತ್ತಿದ್ದೆ.

"ಅಲ್ಲ ನೋಲೀನ್."

ಅವಳು ಗೇಟು ತೆಗೆದು ಬಂದು ಅವನನ್ನು ತಬ್ಬಿಕೊಂಡು ಅತ್ತಳು. ಅವನ ಕೈಗಳು ಅವಳ ಬೆನ್ನ ಹಿಂದೆ ಹಾಗೇ ಚಾಚಿಕೊಂಡಿದ್ದವು, ಎಲ್ಲಿಡಬೇಕೆಂದು ತಿಳಿಯದೆ. ಅವಳು ಹೋದ ಮೇಲೆ ಅವನು ಚೆನ್ನಾಗಿದ್ದ ಗಿಡವೊಂದನ್ನು ಬುಡದವರೆಗೂ ಕತ್ತರಿಸಿ ಹಾಕಿದ. ನಾನು ತಡೆಯಲಿಲ್ಲ.

ಇಪ್ಪತ್ತೆರಡೂ ಮುಗಿದವು. ಇನ್ನು ಯಾರೂ ಕೇಳಲು ಬರುವುದಿಲ್ಲ, ಎಲ್ಲ ತಣ್ಣಗಾಗುತ್ತದೆ ಎಂದು ನಾವಿಬ್ಬರೂ ನಂಬಿದೆವು. ಊರಿಗೆ ಲೆಕ್ಕ ಬರುತ್ತದೆ ಎಂಬುದನ್ನು ಮರೆತಿದ್ದೆವು.

ಮುಂದಿನ ಶನಿವಾರ ಆಟ ಶುರುವಾಗುವ ಮೊದಲು ಕ್ಯಾಂಟೀನಿಗೆ ಸೂಪ್ ತರಲು ಹೋದೆ. ನೋಲೀನ್ ಸೌಟು ಹಿಡಿದು ನಿಂತಿದ್ದಳು, ಮುಖಕ್ಕೆ ಹತ್ತು ವರ್ಷ ಕಡಿಮೆಯಾದಂತಿತ್ತು. ಗ್ರೇಮ್, ಕ್ಯಾಪ್ಟನ್ನನ ಅಮ್ಮ, ಇನ್ನೂ ನಾಲ್ಕೈದು ಜನ ಸುತ್ತ ನಿಂತಿದ್ದರು.

"ನಮ್ ಹುಡುಗ್ರೆಲ್ಲ ಚೊಕ್ಕ," ಎನ್ನುತ್ತಿದ್ದಳು ನೋಲೀನ್. "ಒಬ್ಬೊಬ್ಬರನ್ನೂ ಅವನೇ ಅಲ್ಲ ಅಂದ. ಹಂಗಾದ್ರೆ ಉಳಿದೋರ್ಯಾರು ಹೇಳಿ? ಬೆನ್ನುನೋವು ಅಂತ ಫ್ಯಾಕ್ಟರಿ ಬಿಟ್ಟೋನು ಯಾರು? ಮಂಗಳವಾರ ಮಂಗಳವಾರ ಡಾಕ್ಟ್ರ ಹತ್ರ ಹೋಗೋದು ಯಾರು? ನಮ್ ಬ್ರಾಡೀನ ಬರೀ ನೆಪಕ್ಕೆ ಕರ್ಕೊಂಡು ಹೋಗ್ತಾನೆ, ಚಿಕಿತ್ಸೆ ತನಗೇ. ತಾನೇ ಆಗಿದ್ಮೇಲೆ 'ಯಾರೂ ಗೊತ್ತಿಲ್ಲ' ಅಂತ ಸಹಿ ಹಾಕೋದು ಹೆಂಗೆ, ಪಾಪ."

ಅವಳ ದನಿಯಲ್ಲಿ ಕೆಡುಕಿರಲಿಲ್ಲ. ಮರುಕವೇ ಇತ್ತು. "ರೇಡಿಯೋದಲ್ಲಿ ಅಷ್ಟೆಲ್ಲ ಕೂಗೋನು!" ಎಂದು ಗ್ರೇಮ್ ತಲೆ ಕೊಡವಿದ. ಆಮೇಲೆ ನೋಲೀನ್ ನನ್ನನ್ನು ನೋಡಿದಳು.

"ಕೆಲ್, ನೀನು ಹತ್ತೊಂಬತ್ತು ವರ್ಷ ಅವನ ಪಕ್ಕದ ಮೇಜಲ್ಲಿದ್ದೀಯ. ನೀನೇ ಹೇಳು. ಅವನೇ ತಾನೇ?"

ಎಲ್ಲರೂ ನನ್ನತ್ತ ತಿರುಗಿದರು. ಅಲ್ಲ ಎಂದರೆ ಲೆಕ್ಕ ಮತ್ತೆ ಹುಡುಗರಿಗೇ ಬರುತ್ತದೆ, ಮಂಗಳವಾರದ ಪ್ರಯಾಣಕ್ಕೆ ಬರುತ್ತದೆ, ಬ್ರಾಡಿಯೇ ಎಂದು ಆ ಕ್ಷಣವೇ ಅವಳ ತಲೆಗೂ ಹೊಳೆಯುತ್ತದೆ. ಆರು ವಾರದಲ್ಲಿ ಇನ್ನೂ ನಾಲ್ಕು ವಾರ ಬಾಕಿ. ಹೌದು ಎಂದರೆ ಅವನ ಮೇಲೆ ನಾನೇ ಸುಳ್ಳು ಹೇಳಿದಂತೆ. ಲೋಟ ಚಾಚಿಕೊಂಡು ಸುಮ್ಮನೆ ನಿಂತೆ. ಸುಮ್ಮನಿದ್ದರೆ ಏನೆಂದು ತಿಳಿಯಬೇಕು ಎಂಬುದನ್ನು ಆ ಒಂದು ವಾರದಲ್ಲಿ ಊರು ಚೆನ್ನಾಗಿ ಕಲಿತಿತ್ತು.

"ಅಯ್ಯೋ ಪಾಪ," ಎಂದಳು ನೋಲೀನ್, ಎರಡನೇ ಲೋಟಕ್ಕೂ ಸೂಪ್ ಸುರಿದಳು. "ಅವನಿಗೂ ಒಯ್ದು ಕೊಡು. ಬೆಣ್ಣೆ ಹಚ್ಚಿದ ಬ್ರೆಡ್ಡೂ ಇದೆ ನೋಡು."

ಮರ್ವ್ ಕಾರಿನ ಕಿಟಕಿ ಇಳಿಸಿ ಕೂತಿದ್ದ. ಕ್ಯಾಂಟೀನ್ ಕಡೆಯಿಂದ ತನ್ನ ಕಡೆ ತಿರುಗಿದ್ದ ಮುಖಗಳನ್ನು ಕಂಡಿದ್ದ.

"ನಾನೇ ಅಂತ ತೀರ್ಮಾನ ಆಯ್ತಾ?"

"ಆಯ್ತು."

"ನಿನ್ನ ಕೇಳಿದ್ರಾ?"

"ಕೇಳಿದ್ರು."

"ಏನಂದೆ?"

"ಏನೂ ಅನ್ಲಿಲ್ಲ ಮರ್ವ್."

ಅವನು ಮೈದಾನದ ಕಡೆ ತಿರುಗಿಕೊಂಡ. "ಸರಿಯಾಗೇ ಮಾಡಿದ್ದೀಯ," ಎಂದ. ಆದರೆ ನನ್ನ ಕೈಯಿಂದ ಲೋಟ ತೆಗೆದುಕೊಳ್ಳಲಿಲ್ಲ. ಅದನ್ನು ಕಾರಿನ ಮೂತಿಯ ಮೇಲಿಟ್ಟು ನಾನು ರೂಮಿನ ಕಡೆ ನಡೆದೆ. ಒಳಗೆ ಬ್ರಾಡಿ ನನ್ನ ಮೇಜಿನ ಮೇಲೆ ಬೋರಲು ಮಲಗಿ ಕಾಯುತ್ತಿದ್ದ.