ಸಾಲಿನ ಕೊನೆಯ ಹಳದಿ ಮಣ್ಣು

ಮದೇರಾ ನದಿಯ ದಂಡೆಯ ಆ ಊರಿಗೆ ಇರಾಸಿಲ್ಡಾ ಸೊಸೆಯಾಗಿ ಬಂದಾಗ ದೋಣಿಯಲ್ಲಿ ಅವಳ ಜೊತೆ ಒಂದು ಬಾಣಲೆ ಮತ್ತು ಒಂದು ಕಟ್ಟು ಮರಗೆಣಸಿನ ಕಡ್ಡಿ ಇದ್ದವು. ಕಡ್ಡಿ ಅವಳ ಅಮ್ಮ ಹಿಟ್ಟಿಗೆಂದು ಬೆಳೆಯುತ್ತಿದ್ದ ಕಹಿ ಮರಗೆಣಸಿನದು. ಅಮ್ಮ ತೀರಿಹೋಗಿ ತವರಿನ ಹೊಲವನ್ನು ಕಾಡು ನುಂಗಿತ್ತು. ಆ ತಳಿ ಉಳಿದಿದ್ದರೆ ಈ ಕಟ್ಟಿನಲ್ಲಿ ಮಾತ್ರ.

ಅತ್ತೆ ಒಸ್ಮರೀನ ಕರಿಮಣ್ಣಿನ ಹೊಲದಲ್ಲಿ ಉದ್ದನೆಯದೊಂದು ಸಾಲು ಬಿಟ್ಟುಕೊಟ್ಟಳು. “ಇಲ್ಲಿ ಉಗುಳಿದ ಪಪ್ಪಾಯಿ ಬೀಜಾನೂ ಮರ ಆಗತ್ತೆ, ನೋಡ್ತಿರು.”

ಅಗೆದಲ್ಲೆಲ್ಲ ಇದ್ದಿಲು, ಮೀನಿನ ಮುಳ್ಳು, ಮಡಕೆಯ ಚೂರು. ಎಷ್ಟೋ ತಲೆಮಾರಿನ ಹಿಂದಿನವರು ಒಲೆಯ ಬೂದಿ ಚೆಲ್ಲಿ ಚೆಲ್ಲಿ ಆದ ಮಣ್ಣು ಅದು. ಯಾರದೋ ಅಡುಗೆಮನೆಯಲ್ಲಿ ಕೇಳದೆ ಕೂತಂತೆ ಅನಿಸಿ ಇರಾಸಿಲ್ಡಾ ಮೆಲ್ಲಗೆ ನೆಟ್ಟಳು.

ಗಿಡಗಳು ಅವಳನ್ನು ಮೀರಿ ಬೆಳೆದವು. ಮಳೆಗಾಲದ ಮಧ್ಯಾಹ್ನಗಳಲ್ಲಿ ಆ ಹಸಿರು ಬೆಳಕಿನೊಳಗೆ ನಡೆಯುವಾಗ, ಎರಡು ಗಿಡ ಮುಂದೆ ಅಮ್ಮನ ಲಂಗ ಸರಿದಂತಾಗುತ್ತಿತ್ತು.

ವರ್ಷ ತುಂಬಿ ಮೊದಲ ಗಿಡ ಕಿತ್ತಾಗ ಬೇರು ಇಲಿಬಾಲದಷ್ಟು ತೆಳ್ಳಗಿತ್ತು. ಎರಡನೆಯದೂ ಹಾಗೇ.

“ನನ್ನ ಸೊಸೆ ಎಲೆ ಸಾಕಿದಾಳೆ!” ಒಸ್ಮರೀನ ಹೊಟ್ಟೆ ಹಿಡಿದು ನಕ್ಕಳು. “ಇದ್ರಲ್ಲಿ ಹಿಟ್ಟು ಬರಲ್ಲ ಕಣೆ, ಹಲ್ಲುಕಡ್ಡಿ ಮಾಡ್ಕೋ. ನಾಳೆ ಎಲ್ಲಾ ಕಡಿದು ಸುಟ್ಟು ಕಲ್ಲಂಗಡಿ ಹಾಕೋಣ.”

ಕಡಿದ ಕಡ್ಡಿಯನ್ನು ಮತ್ತೆ ನೆಡದಿದ್ದರೆ ಒಣಗುತ್ತದೆ. ಅಲ್ಲಿಗೆ ತಳಿ ಮುಗಿಯಿತು. ಗಂಡ ವಾಲ್ದೆನೋರ್ ಸಮಾಧಾನ ಮಾಡಲು ಬಂದ. “ಹೋಗ್ಲಿ ಬಿಡು ಇರಾ. ನಮ್ಮಮ್ಮನ ತಳಿ ಚೆನ್ನಾಗಿದೆ, ಅದನ್ನೇ ನೆಡು.”

“ನಿಮ್ಮಮ್ಮಂದು ಚೆನ್ನಾಗೇ ಇದೆ. ನಂಗೆ ನಮ್ಮಮ್ಮಂದು ಬೇಕು.”

ಮರುದಿನ ಮಂಜು ಕರಗುವ ಮೊದಲೇ ಅವಳು ಹೊಲಕ್ಕೆ ಹೋಗಿ ಒಂದೊಂದೇ ಗಿಡ ಕೀಳುತ್ತಾ ನಡೆದಳು. ಸಾಲು ನದಿಗೆ ಬೆನ್ನು ಮಾಡಿ ಕಾಡಿನ ಕಡೆಗೆ ಹೋಗುತ್ತಿತ್ತು. ಮಡಕೆಯ ಚೂರು ವಿರಳವಾದವು. ಮಣ್ಣು ಕಾಫಿಯ ಬಣ್ಣಕ್ಕೆ ತಿರುಗಿತು, ಬೇರು ಹೆಬ್ಬೆರಳಿನಷ್ಟಾಯಿತು. ಇನ್ನೂ ಮುಂದೆ ಇದ್ದಿಲಿನ ಸುಳಿವೇ ಇಲ್ಲ, ಗಿಡ ಗಿಡ್ಡ, ಬೇರು ಮುಂಗೈ ದಪ್ಪ. ಕೊನೆಯ ಗಿಡ ಬರೀ ಹಳದಿ ಜೇಡಿಯಲ್ಲಿತ್ತು. ಜಗ್ಗಿದರೆ ಅಲುಗಲಿಲ್ಲ. ಇನ್ನೊಮ್ಮೆ ಜಗ್ಗಿದಾಗ ದಪ್ಪ ಗೆಣಸಿನ ಗೊಂಚಲನ್ನು ತಬ್ಬಿಕೊಂಡೇ ಅವಳು ಅಂಗಾತ ಬಿದ್ದಳು.

ಮಚ್ಚು ಹಿಡಿದು ಬಂದ ಒಸ್ಮರೀನ ಬಗ್ಗಿ ನೋಡಿದಳು. “ಬದುಕಿದೀಯಾ?”

“ಅತ್ತೆ, ಇಲ್ಲಿಂದಾಚೆ ಜಾಗ ನಂಗೆ ಕೊಡಿ.”

“ಈ ಬಡಮಣ್ಣಾ? ಇರುವೆ ಬಿಟ್ರೆ ಯಾರಿದಾರೆ ಇಲ್ಲಿ? ಸೊಸೇನ ಕರಿಮಣ್ಣಿಂದ ಓಡಿಸಿದ್ಲು ಅಂತಾರೆ ಊರೋರು.”

“ನಾನೇ ಕೇಳ್ದೆ ಅನ್ನಿ.”

“ನಿಂಗೆ ಹುಚ್ಚು ಅಂತಾನೂ ಅಂತೀನಿ.”

“ಅನ್ನಿ.”

ಒಸ್ಮರೀನ ಒಂದು ಗೆಣಸು ಮುರಿದು, ಹಳದಿ ತಿರುಳನ್ನು ಮೂಗಿಗೆ ಹಿಡಿದಳು. ಆಮೇಲೆ ಮಚ್ಚನ್ನು ಸೊಸೆಯ ಕೈಗಿಟ್ಟಳು. “ನೆಡೋ ಕಡ್ಡಿ ಓರೆಯಾಗಿ ಕಡಿ. ಸೀಳಬೇಡ.”

ಈಗಲೂ ಇರಾಸಿಲ್ಡಾ ಬೆಳಗ್ಗೆ ಬುಟ್ಟಿ ಹೊತ್ತು ಹೊರಡುತ್ತಾಳೆ. ಕಲ್ಲಂಗಡಿ ಬಳ್ಳಿಗಳನ್ನು, ಹಿಂದಿನವರ ಅಡುಗೆಮನೆಗಳನ್ನು ದಾಟಿ, ಯಾರೂ ಎಂದೂ ಒಲೆ ಹೂಡದ ಮಣ್ಣಿಗೆ. ಅಲ್ಲಿ ಅಮ್ಮನ ಗಿಡಗಳು ಅವಳ ಎದೆಯೆತ್ತರಕ್ಕಷ್ಟೇ ಬೆಳೆದು ನಿಂತಿರುತ್ತವೆ.