ಕೊಟ್ಟು ಕಸಿದ ಗೋಲು

ಹೋದ ಭಾನುವಾರ ಸಂಜೆ ತರೀಕೆರೆ ಬಸ್‌ಸ್ಟ್ಯಾಂಡ್ ಎದುರಿನ ಟೀ ಅಂಗಡಿಯಲ್ಲಿ ಕೂತಿದ್ದೆ. ಪಕ್ಕದ ಬೆಂಚಿನಲ್ಲಿ ನಾಲ್ಕು ಹುಡುಗರು ಒಂದೇ ಮೊಬೈಲಿಗೆ ತಲೆ ತೂರಿಸಿಕೊಂಡು ಕಡಲಾಚೆಯ ಯಾವುದೋ ಫುಟ್‌ಬಾಲ್ ಪಂದ್ಯ ನೋಡುತ್ತಿದ್ದರು. ಅವರು ಜೀವ ಇಟ್ಟುಕೊಂಡಿರುವ ತಂಡ ಈ ವರ್ಷ ಸೋತು ಸೋತು ಪಟ್ಟಿಯ ತಳ ಮುಟ್ಟಿದೆಯಂತೆ. ಅಷ್ಟರಲ್ಲಿ ಆ ತಂಡ ಒಂದು ಗೋಲು ಹೊಡೆಯಿತು. ಹುಡುಗರು ಎದ್ದು ಕುಣಿದರು. ಅರ್ಧ ನಿಮಿಷದೊಳಗೆ ರೆಫರಿ ಕಿವಿಗೆ ಬೆರಳಿಟ್ಟು ಯಾರ ಮಾತನ್ನೋ ಕೇಳಿಸಿಕೊಂಡು, ಗೋಲು ಇಲ್ಲ ಎಂದು ಕೈಯಾಡಿಸಿಬಿಟ್ಟ.

‘ಲೇ, ಕೊಟ್ಟು ಕಿತ್ಕೊಂಡ್ನಲ್ಲೋ ಕುರುಡ!’ ಎಂದು ಒಬ್ಬ ಮೊಬೈಲಿಗೇ ಬೈದ. ‘ಅವ್ನು ಆ ಟೀಮಿನ ಕಡೆಯೋನೇ ಕಣೋ’ ಎಂದ ಇನ್ನೊಬ್ಬ.

ತಟ್ಟನೆ ಅವರತ್ತ ತಿರುಗಿದ ರಭಸಕ್ಕೆ ನನ್ನ ಟೀ ಅಂಗಿಯ ಮೇಲೆ ಚೆಲ್ಲಿತು. ಈ ಎರಡು ಮಾತುಗಳನ್ನು ಎಷ್ಟೋ ವರ್ಷಗಳ ಹಿಂದೆ ಇದೇ ಅಂಗಡಿಯಲ್ಲಿ, ಇದೇ ಧಾಟಿಯಲ್ಲಿ ನಾನೇ ಆಡಿದ್ದೆ. ಅದರಿಂದ ಏನಾಯಿತೆಂಬುದು ನನಗೆ ತಿಳಿದದ್ದು ಎರಡು ತಿಂಗಳ ಹಿಂದೆ. ಆವತ್ತು ಬಡಿದ ಗರ ಇನ್ನೂ ಬಿಟ್ಟಿಲ್ಲ.

ನನ್ನ ಪರಿಚಯ ಹೇಳಬೇಕು. ನಾನು ಈ ಊರಿನಲ್ಲಿ ಕನ್ನಡಕದ ಅಂಗಡಿ ಇಟ್ಟವನು. ಫುಟ್‌ಬಾಲ್ ಆಡಿದವನಲ್ಲ. ಹೈಸ್ಕೂಲಿನಲ್ಲಿದ್ದಾಗ ಒಮ್ಮೆ ಚೆಂಡು ನನ್ನ ಕಾಲ ಬುಡಕ್ಕೆ ಬಂದಿತ್ತು. ನಾನು ಅದನ್ನು ಎರಡೂ ಕೈಯಲ್ಲಿ ಎತ್ತಿ, ಮಣ್ಣು ಒರೆಸಿ, ಎದುರು ತಂಡದವನಿಗೆ ಮರ್ಯಾದೆಯಿಂದ ಕೊಟ್ಟಿದ್ದೆ. ಅಲ್ಲಿಗೆ ನನ್ನ ಆಟ ಮುಗಿಯಿತು, ಅಭಿಪ್ರಾಯಗಳು ಶುರುವಾದವು. ಯಾರನ್ನು ಎಲ್ಲಿ ನಿಲ್ಲಿಸಬೇಕು, ರೆಫರಿ ಎಲ್ಲಿ ತಪ್ಪಿದ, ಎಲ್ಲವೂ ನನಗೆ ಗೊತ್ತಿತ್ತು.

ಆಗೆಲ್ಲ ಕಡೂರು, ಅಜ್ಜಂಪುರ, ತರೀಕೆರೆ ಮತ್ತು ಸುತ್ತಲ ಹಳ್ಳಿಗಳ ತಂಡಗಳು ಸೇರಿ ನಮ್ಮೂರ ಮೈದಾನದಲ್ಲಿ ವರ್ಷಕ್ಕೊಂದು ಟೂರ್ನಮೆಂಟ್ ನಡೆಸುತ್ತಿದ್ದವು. ಕಡೂರಿನವರು ರೈಲಿನಲ್ಲಿ ಬಂದಿಳಿದು, ನಮ್ಮನ್ನು ಸೋಲಿಸಿ, ಸಂಜೆಯ ರೈಲಿಗೆ ವಾಪಸಾಗುತ್ತಿದ್ದರು. ಅಜ್ಜಂಪುರದವರು ಬಸ್ಸಿನಲ್ಲಿ ಬಂದು ಅದೇ ಕೆಲಸ ಮಾಡುತ್ತಿದ್ದರು. ನಮ್ಮ ತಂಡ ಸೋತಿದ್ದಕ್ಕೆ ನಮ್ಮ ಬಳಿ ಯಾವಾಗಲೂ ಕಾರಣ ಇರುತ್ತಿತ್ತು. ಎದುರು ಬಿಸಿಲಿತ್ತು, ಚೆಂಡಿಗೆ ಗಾಳಿ ಕಮ್ಮಿಯಿತ್ತು, ಗೋಲ್‌ಕೀಪರನಿಗೆ ಜ್ವರ ಬಂದಿತ್ತು. ಯಾವ ಕಾರಣವೂ ಸಿಗದಿದ್ದರೆ ರೆಫರಿ ಇದ್ದೇ ಇದ್ದರು.

ರೆಫರಿ ಎಂದರೆ ಖಲೀಲ್ ಸಾಹೇಬರು. ಲಿಂಗದಹಳ್ಳಿ ರಸ್ತೆಯಲ್ಲಿ ಅವರದು ಪಂಪ್‌ಸೆಟ್ ಮೋಟಾರ್ ರಿವೈಂಡಿಂಗ್ ಅಂಗಡಿ. ವಾರವಿಡೀ ಸುಟ್ಟ ತಂತಿ ಬಿಚ್ಚಿ ಹೊಸ ತಂತಿ ಸುತ್ತುವ ಮನುಷ್ಯ ಭಾನುವಾರ ಇಸ್ತ್ರಿ ಮಾಡಿದ ಕಪ್ಪು ಅಂಗಿ ತೊಟ್ಟು ಮೈದಾನಕ್ಕಿಳಿದರೆ ಬೇರೆಯೇ ಆಗಿಬಿಡುತ್ತಿದ್ದರು. ಪ್ರತಿ ಪಂದ್ಯಕ್ಕೂ ಮುಂಚೆ ಎರಡೂ ಕ್ಯಾಪ್ಟನ್ನರಿಗೆ ಒಂದೇ ಮಾತು: ‘ಆಡ್ರಪ್ಪಾ. ನೀವೂ ತಪ್ಪು ಮಾಡ್ತೀರ, ನಾನೂ ಮಾಡ್ತೀನಿ. ಮುಗಿದ್ಮೇಲೆ ಒಟ್ಟಿಗೆ ಟೀ ಕುಡಿಯಣ.’

ನಾನು ಹೇಳುತ್ತಿರುವ ವರ್ಷ ಸೆಮಿಫೈನಲ್ಲಿನಲ್ಲಿ ನಮಗೆ ಕಡೂರು ಎದುರಾಗಿತ್ತು. ಕೊನೆಯ ಗಳಿಗೆಯಲ್ಲಿ ಖಲೀಲ್ ಸಾಹೇಬರು ನಮಗೊಂದು ಪೆನಾಲ್ಟಿ ಕೊಟ್ಟರು. ಕಡೂರಿನವರು ಅವರನ್ನು ಸುತ್ತುವರಿದು ಎದೆಗೆ ಎದೆ ಕೊಟ್ಟರೂ ಅವರು ಅಲುಗಾಡಲಿಲ್ಲ. ನಾವು ಗೆದ್ದೆವು. ಸಾಹೇಬರನ್ನು ಹೆಗಲ ಮೇಲೆ ಹೊತ್ತು ಮೈದಾನ ಸುತ್ತಿಸಿದೆವು. ‘ಕಣ್ಣು ಅಂದ್ರೆ ಇದು ಕಣ್ರೀ! ಎಲ್ರಿಗೂ ಇಂಥಾ ಕಣ್ಣಿದ್ರೆ ನನ್ನಂಗಡಿಗೆ ಬೀಗವೇ!’ ಎಂದು ಕೂಗಿದವನು ನಾನೇ.

ಮುಂದಿನ ಭಾನುವಾರ ಅಜ್ಜಂಪುರದ ವಿರುದ್ಧ ಫೈನಲ್. ಒಂದು ಗೋಲು ಹಿಂದಿದ್ದೆವು. ಇನ್ನೇನು ಮುಗಿಯಿತು ಎನ್ನುವಾಗ ನಮಗೊಂದು ಕಾರ್ನರ್ ಸಿಕ್ಕಿತು. ಹಾರಿಬಂದ ಚೆಂಡು ಗುಂಪಿನ ನಡುವೆ ಬಿತ್ತು. ಲಿಂಗದಹಳ್ಳಿಯಿಂದ ಬಸ್ಸಿನಲ್ಲಿ ಬಂದು ಆಡುತ್ತಿದ್ದ ಮಂಜ, ಹತ್ತೊಂಬತ್ತರ ಹುಡುಗ, ಎದೆಯೊಡ್ಡಿ ಅದನ್ನು ಒಳಗೆ ನೂಕಿದ. ಹಾಗೆಂದು ನಮಗೆ ಕಂಡಿತು. ಖಲೀಲ್ ಸಾಹೇಬರು ಸೀಟಿ ಊದಿ ಮೈದಾನದ ನಡುವಿನತ್ತ ಕೈ ತೋರಿಸಿದರು. ಗೋಲು! ಟವೆಲುಗಳು ಆಕಾಶಕ್ಕೆ ಹಾರಿದವು.

ಆದರೆ ಮಂಜ ನಮ್ಮ ಕಡೆ ಓಡಿಬರಲಿಲ್ಲ. ರೆಫರಿಯ ಹತ್ತಿರ ಓಡಿದ. ಎರಡೂ ಕೈ ಎದೆಯ ಹತ್ತಿರ ತಂದು ಏನೋ ಹೇಳಿದ. ಸಾಹೇಬರು ಅವನ ಮುಖವನ್ನೇ ನೋಡಿದರು. ನೆಲ ನೋಡಿದರು. ಅವನ ಹೆಗಲ ಮೇಲೆ ಕೈಯಿಟ್ಟರು. ಆಮೇಲೆ ಮತ್ತೆ ಸೀಟಿ ಊದಿ, ತಮ್ಮ ಮೊಣಕೈ ತಟ್ಟಿ ತೋರಿಸಿದರು. ಹ್ಯಾಂಡ್‌ಬಾಲ್, ಚೆಂಡು ಕೈಗೆ ತಗಲಿದೆ ಎಂದು. ಗೋಲು ಇಲ್ಲ.

ಆಮೇಲೆ ಎದ್ದ ಕೂಗನ್ನು ನಾನಿಲ್ಲಿ ಬರೆಯಲಾರೆ. ಐದು ನಿಮಿಷದಲ್ಲಿ ಪಂದ್ಯ ಮುಗಿದು ಅಜ್ಜಂಪುರದವರು ಕಪ್ ಎತ್ತಿಕೊಂಡು ಬಸ್ ಹತ್ತಿದರು.

ಮೂರು ದಿನ ಈ ಟೀ ಅಂಗಡಿಯಲ್ಲಿ ಅದೇ ಮಾತು. ಕೊಟ್ಟ ಗೋಲನ್ನು ಯಾಕೆ ಕಸಿದರು? ಲೈನ್‌ಮನ್ ಬಾವುಟ ಎತ್ತಿರಲಿಲ್ಲ. ಅಜ್ಜಂಪುರದವರೂ ಕೇಳಿರಲಿಲ್ಲ. ‘ಪಾಪ, ಆ ಹುಡ್ಗ ಕೈಮುಗಿದು ಬೇಡ್ಕೊಂಡ್ರೂ ಕರಗ್ಲಿಲ್ಲವಲ್ಲ’ ಎಂದೆ ನಾನು. ಎಲ್ಲರೂ ನನ್ನತ್ತ ತಿರುಗಿದರು. ಹಾಗೆ ಹತ್ತು ಜನ ಒಟ್ಟಿಗೆ ನನ್ನ ಬಾಯನ್ನು ನೋಡುವುದು ದಿನಾ ಆಗುವಂಥದ್ದಲ್ಲ. ಇನ್ನೊಂದು ಮಾತು ಹೇಳಲೇಬೇಕು ಅನ್ನಿಸಿತು. ಸಾಹೇಬರ ಹೆಂಡತಿ ಜೀನತ್ ಅವರು ಒಂದೆರಡು ಸಲ ಚೀಲ ಹಿಡಿದು ಅಜ್ಜಂಪುರದ ಬಸ್ ಹತ್ತುವುದನ್ನು ಕಂಡಿದ್ದೆ. ‘ಅವ್ರ ಹೆಂಡ್ತಿ ತವ್ರು ಅಜ್ಜಂಪುರ ಅಲ್ವೇನ್ರೀ? ಮಾವನ ಮನೆಯೋರ ಮಾತು ಮೀರಕ್ಕಾಗುತ್ತಾ?’ ಎಂದುಬಿಟ್ಟೆ.

ಅವರ ತವರು ಯಾವುದೆಂದು ನನಗೆ ಗೊತ್ತಿರಲಿಲ್ಲ. ನಿಜವಾಗಿಯೂ ಏನೂ ಗೊತ್ತಿರಲಿಲ್ಲ. ಎಲ್ಲರೂ ನಕ್ಕರು, ನನಗೆ ಖುಷಿಯಾಯಿತು. ಮಾರನೆಯ ದಿನ ನನ್ನ ಅಂಗಡಿಗೆ ಬಂದ ಗಿರಾಕಿಯೊಬ್ಬ ಅದೇ ಸುದ್ದಿಯನ್ನು ಹೊಸದೆಂಬಂತೆ ನನಗೇ ಹೇಳಿದ. ಅಷ್ಟರಲ್ಲಿ ಅದು ಬೆಳೆದಿತ್ತು; ಸಾಹೇಬರ ಮೂವರು ಬಾವಮೈದುನರು ಗೋಲ್ ಪೋಸ್ಟ್ ಹಿಂದೆ ಕೂತು ಸನ್ನೆ ಮಾಡಿದ್ದರಂತೆ. ನಾಚಿಕೆಯ ಮಾತೇನೆಂದರೆ, ಅದನ್ನು ಕೇಳಿ ನಾನು ನಂಬಿದೆ. ನಾನು ಊಹಿಸಿದ್ದು ಸರಿಯಾಗಿಯೇ ಇತ್ತಲ್ಲ ಎಂದು ಹೆಮ್ಮೆಪಟ್ಟೆ.

ಮರುವರ್ಷ ಖಲೀಲ್ ಸಾಹೇಬರು ಮೈದಾನಕ್ಕಿಳಿದಾಗ ಜನ ‘ಅಜ್ಜಂಪುರದ ಅಳಿಯ! ಅಜ್ಜಂಪುರದ ಅಳಿಯ!’ ಎಂದು ಚಪ್ಪಾಳೆ ತಟ್ಟುತ್ತಾ ಕೂಗಿದರು. ಜೀನತ್ ಅವರ ಹೆಸರು ಹಿಡಿದೂ ಕೂಗಿದರು. ಹತ್ತು ನಿಮಿಷ ಆಟ ನಡೆಸಿದ ಸಾಹೇಬರು ಸೀಟಿಯನ್ನು ನಮ್ಮ ಕ್ಯಾಪ್ಟನ್ನನ ಕೈಗೆ ಕೊಟ್ಟು ಹೊರಗೆ ನಡೆದರು. ಮತ್ತೆಂದೂ ಬರಲಿಲ್ಲ. ಆಮೇಲೆ ಹೊರಗಿನಿಂದ ರೆಫರಿಗಳು ಬಂದರು. ಅವರ ಮಾತನ್ನು ಯಾರೂ ಕೇಳಲಿಲ್ಲ. ಒಂದು ವರ್ಷ ತಲೆಗಳು ಒಡೆದವು, ಮರುವರ್ಷ ಟೂರ್ನಮೆಂಟೇ ನಿಂತಿತು. ಈಗ ಆ ಮೈದಾನದಲ್ಲಿ ಉಳಿದಿರುವ ಒಂದೇ ಗೋಲ್ ಕಂಬಕ್ಕೆ ಯಾರೋ ಹಸು ಕಟ್ಟುತ್ತಾರೆ.

ಇಷ್ಟೆಲ್ಲ ಹಳೆಯ ಕತೆ. ಎರಡು ತಿಂಗಳ ಹಿಂದೆ ಒಂದು ಮಧ್ಯಾಹ್ನ ದಪ್ಪ ಮೈಯ, ಗಡ್ಡದ ಲಾರಿ ಡ್ರೈವರ್ ಒಬ್ಬ ಅಂಗಡಿಗೆ ಬಂದ. ಕಡೂರಿನಿಂದ ಕೊಬ್ಬರಿ ಲೋಡು ಹೊಡೆಯುತ್ತಾನಂತೆ, ದೂರದ ಬೋರ್ಡು ಮಸುಕಾಗುತ್ತಿದೆಯಂತೆ. ಅವನ ಮೂಗಿನ ಮೇಲೆ ಚೌಕಟ್ಟು ಕೂರಿಸಿ, ಒಂದೊಂದೇ ಗಾಜು ಬದಲಿಸುತ್ತಾ, ನನ್ನ ಅಭ್ಯಾಸದಂತೆ ಮಾತು ತೆಗೆದೆ. ಕಣ್ಣಿನ ಮಾತು ಬಂದರೆ ನಾನು ಹೇಳುವುದು ಒಂದೇ ಕತೆ, ತರೀಕೆರೆಯ ಕುರುಡು ರೆಫರಿಯದು. ಪೂರ್ತಿ ಹೇಳಿದೆ, ಬಾವಮೈದುನರ ಸನ್ನೆಯನ್ನೂ ಬಿಡದೆ.

‘ಈಗ ಕೆಳಗಿನ ಸಾಲು ಓದಪ್ಪಾ’ ಎಂದೆ.

ಅವನು ಓದಲಿಲ್ಲ. ‘ಆ ಹುಡ್ಗ ಕೈಮುಗಿದು ಬೇಡ್ಕೊಂಡ ಅಂದ್ರಲ್ಲ ಸಾರ್, ಏನ್ ಬೇಡ್ಕೊಂಡ ಗೊತ್ತಾ?’ ಎಂದ.

‘ಗೋಲು ಕೊಡಿ ಅಂತ.’

‘ಅಲ್ಲ ಸಾರ್. ಗೋಲು ಬೇಡ ಅಂತ.’

ಚೌಕಟ್ಟು ತೆಗೆದು ಮೇಜಿನ ಮೇಲಿಟ್ಟ. ಗಡ್ಡದ ಹಿಂದೆ ಆ ಹತ್ತೊಂಬತ್ತರ ಮುಖ ಇದ್ದದ್ದು ನನಗಾಗ ಕಂಡಿತು.

‘ಬಾಲು ಮೊಣಕೈಗೆ ಬಡ್ದು ಒಳಗೋಯ್ತು ಸಾರ್. ಸಾಹೇಬ್ರಿಗೆ ಕಾಣ್ಲಿಲ್ಲ, ಅಡ್ಡ ನಾಲ್ಕು ಜನ ಇದ್ರು. ನಾನೇ ಓಡೋಗಿ ಹೇಳ್ದೆ, ಕೈಗೆ ತಗಲ್ತು ಸಾರ್ ಅಂತ. ನಿಜಾನಾ ಅಂದ್ರು. ಹೂಂ ಅಂದೆ. ಹಂಗಾದ್ರೆ ನೀನು ಹೇಳ್ದೆ ಅಂತ ಯಾರಿಗೂ ಹೇಳ್ಬೇಡ ಮಗಾ, ಈ ಜನ ನಿನ್ನ ಸುಮ್ನೆ ಬಿಡಲ್ಲ, ನಾನೇ ನೋಡ್ದೆ ಅಂತೀನಿ, ಅಂದ್ರು.’

‘ಆಮೇಲಾದ್ರೂ ಹೇಳ್ಬಹುದಿತ್ತಲ್ಲೋ ಮಂಜ!’ ನನ್ನ ದನಿ ನನಗೇ ಅಪರಿಚಿತವಾಗಿತ್ತು.

‘ಎರಡ್ ಸಲ ಅವ್ರ ಅಂಗಡಿಗೆ ಹೋಗಿ ಕೇಳ್ದೆ. ಬೇಡ ಅಂದ್ರು. ಬೇಡ ಅಂದಿದ್ದು ನಂಗೂ ಬೇಕಾಗಿತ್ತು ಸಾರ್, ಸುಳ್ಳ್ಯಾಕೆ ಹೇಳ್ಲಿ. ಮ್ಯಾಚ್ ಮುಗಿದ್ಮೇಲೆ ಕ್ಯಾಪ್ಟನ್ನು ನನ್ನ ತಬ್ಕೊಂಡು, ನೀನೊಬ್ನೇ ಊರಿನ ಮಾನ ಉಳಿಸ್ದೋನು ಅಂದ. ಆಮೇಲೆ ಬಾಯಿ ಬಿಡಕ್ಕೆ ಧೈರ್ಯ ಬರ್ಲಿಲ್ಲ.’

ಆವತ್ತು ಅವನ ಕಣ್ಣು ಪರೀಕ್ಷೆ ಮುಗಿಸಲು ನನ್ನಿಂದ ಆಗಲಿಲ್ಲ. ನಾಳೆ ಬಾ ಎಂದು ಕಳಿಸಿದೆ. ಗೋಲು ಇಲ್ಲವೆಂದದ್ದು ರೆಫರಿಯಲ್ಲ, ಹೊಡೆದ ಹುಡುಗನೇ! ಇಷ್ಟು ವರ್ಷ ಹೇಳಿದ ಕತೆಯಲ್ಲಿ ನಿಜವಾದ ಒಂದು ಸಾಲೂ ಇರಲಿಲ್ಲ.

ಮಾರನೆಯ ಬೆಳಿಗ್ಗೆ ಖಲೀಲ್ ಸಾಹೇಬರ ಮನೆಗೆ ಹೋದೆ. ಅಂಗಡಿಯನ್ನು ಬೇರೆಯವರಿಗೆ ಬಿಟ್ಟುಕೊಟ್ಟಿದ್ದಾರೆ; ಜಗುಲಿಯ ಮೇಲೆ ಕೂತು ಟೇಬಲ್ ಫ್ಯಾನ್ ಬಿಚ್ಚಿ ಹರವಿಕೊಂಡಿದ್ದರು. ಜೀನತ್ ಅವರು ಕುರ್ಚಿ ತಂದಿಟ್ಟರು. ಮಂಜ ಹೇಳಿದ್ದನ್ನು ಹೇಳಿದೆ.

‘ಹೇಳ್ಬಿಟ್ನಾ?’ ಸಾಹೇಬರ ಮುಖ ಅರಳಿತು. ‘ಹೆಂಗಿದಾನೆ? ಮದ್ವೆ ಆಯ್ತಾ? ಒಳ್ಳೆ ಹುಡ್ಗ ಸಾರ್ ಅವ್ನು. ಅಷ್ಟು ಜನದ ಮುಂದೆ ಬಂದು ಹೇಳ್ದ ನೋಡಿ.’

ಕಷ್ಟದ ಮಾತು ಇನ್ನೂ ಉಳಿದಿತ್ತು. ‘ತವರಿನ ಮಾತು... ಅದನ್ನ ಮೊದಲು ಆಡಿದೋನು ನಾನು ಸಾಹೇಬ್ರೇ’ ಎಂದೆ.

ಸ್ಕ್ರೂಡ್ರೈವರ್ ನಿಂತಿತು. ಅವರು ನನ್ನನ್ನು ನೋಡಲಿಲ್ಲ, ಬಾಗಿಲಲ್ಲಿ ನಿಂತಿದ್ದ ಹೆಂಡತಿಯನ್ನು ನೋಡಿದರು. ‘ನಿಂಗೆ ಗೊತ್ತಿತ್ತಾ?’

‘ಗೊತ್ತಿತ್ತು’ ಎಂದರು ಜೀನತ್. ‘ಟೀ ಅಂಗಡಿಯೋರ ಮನೆಯಾಕೆ ಆಗ್ಲೇ ಹೇಳಿದ್ಲು.’ ಆಮೇಲೆ ನನ್ನ ಕಡೆ ತಿರುಗಿದರು. ‘ನನ್ನ ತವರು ಕಡೂರು ಸಾರ್. ನಿಮ್ಮ ಟೀಮಿಗೆ ಪೆನಾಲ್ಟಿ ಕೊಟ್ರಲ್ಲ, ಆ ವರ್ಷ ಹಬ್ಬಕ್ಕೆ ಹೋದಾಗ ನಮ್ಮಣ್ಣಂದಿರು ಇವ್ರನ್ನ ಮಾತಾಡ್ಸಲಿಲ್ಲ. ಅಜ್ಜಂಪುರಕ್ಕೆ ನಾನು ಹೋಗ್ತಿದ್ದಿದ್ದು ಅತ್ತೆ ಮಂಡಿನೋವಿಗೆ ಎಣ್ಣೆ ತರಕ್ಕೆ.’

‘ಇವ್ರಿಗೆ ಯಾಕೆ ಹೇಳ್ಲಿಲ್ಲ ನೀವು?’ ಎಂದು ಕೇಳಿದೆ.

‘ದಿನಾ ನಿಮ್ಮಂಗಡಿ ಮುಂದೆ ಹೋಗ್ವಾಗ ನಿಮಗೆ ಕೈಯೆತ್ತಿ ನಮಸ್ಕಾರ ಮಾಡ್ತಾರೆ. ಊರಲ್ಲಿ ಇವ್ರು ನಮಸ್ಕಾರ ಮಾಡೋ ಜನ ಕಮ್ಮಿ ಆಗಿದ್ರು. ಅದನ್ನೂ ಯಾಕೆ ತಪ್ಪಿಸ್ಲಿ?’

ನನ್ನ ತಲೆ ತಾನಾಗಿಯೇ ಬಗ್ಗಿತು. ಹೌದು, ನಮಸ್ಕಾರ ಮಾಡುತ್ತಿದ್ದರು. ಇಷ್ಟು ವರ್ಷ, ಪ್ರತಿದಿನ. ನಾನೂ ಕೈಯೆತ್ತುತ್ತಿದ್ದೆ, ಆಮೇಲೆ ಎದುರು ಕೂತ ಗಿರಾಕಿಗೆ ಕುರುಡು ರೆಫರಿಯ ಕತೆ ಹೇಳುತ್ತಿದ್ದೆ.

ಸಾಹೇಬರು ಸ್ಕ್ರೂಡ್ರೈವರ್ ಕೆಳಗಿಟ್ಟರು. ‘ಬೈಗುಳಕ್ಕೆ ಆಟ ಬಿಡ್ಲಿಲ್ಲ ಸಾರ್. ಸೀಟಿ ಊದೋನಿಗೆ ಬೈಗುಳ ಇದ್ದಿದ್ದೇ. ಮನೆಯೋಳ ಹೆಸರು ಗ್ರೌಂಡಿಗೆ ಬಂತು. ಅದಕ್ಕೆ ಬಿಟ್ಟೆ.’

‘ತಪ್ಪಾಯ್ತು’ ಎಂದೆ.

‘ನಂಗ್ ಹೇಳಿದ್ರೆ ಏನ್ ಬಂತು? ಎಲ್ಲಿ ಹೇಳಿದ್ರೋ ಅಲ್ಲೋಗಿ ಹೇಳಿ’ ಎಂದರು. ಮತ್ತೆ ಫ್ಯಾನಿನ ಕಡೆ ಬಗ್ಗಿದರು. ಕ್ಷಮಿಸಿದೆ ಎನ್ನಲಿಲ್ಲ. ನಾನೂ ಕೇಳುವ ಧೈರ್ಯ ಮಾಡಲಿಲ್ಲ.

ನಡೆದದ್ದನ್ನು ಟೀ ಅಂಗಡಿಯಲ್ಲಿ ಹೇಳಲೇ ಎಂದು, ಕನ್ನಡಕ ಒಯ್ಯಲು ಬಂದ ಮಂಜನನ್ನು ಕೇಳಿದೆ. ‘ನನ್ ಹೆಸ್ರು ಹಿಡಿದೇ ಹೇಳಿ ಸಾರ್, ನಾನೇನು ಇನ್ನೂ ಹುಡ್ಗನಾ?’ ಎಂದ. ಆದರೂ ಎರಡು ತಿಂಗಳು ದಿನಾ ಟೀ ಕುಡಿದು, ಬಾಯಿ ಬಿಡದೆ ಎದ್ದು ಬಂದೆ. ಸುಳ್ಳು ಹೇಳಲು ಬೇಕಾಗಿದ್ದದ್ದು ಒಂದು ಗಳಿಗೆ ಮಾತ್ರ.

ಹೋದ ಭಾನುವಾರ ಟೀ ಚೆಲ್ಲಿದ ಅಂಗಿಯಲ್ಲೇ ಎದ್ದು ನಿಂತೆ. ಹುಡುಗರ ಮೊಬೈಲನ್ನು ಕೈಯಿಂದ ಮುಚ್ಚಿ, ‘ಒಂದ್ನಿಮಿಷ ಕೇಳ್ರಪ್ಪಾ’ ಎಂದೆ. ಎಲ್ಲ ಹೇಳಿದೆ. ಮಂಜ, ಸಾಹೇಬರು, ಜೀನತ್, ನಾನು, ಯಾರನ್ನೂ ಬಿಡಲಿಲ್ಲ.

ಹುಡುಗರು ಮುಖ ಮುಖ ನೋಡಿಕೊಂಡರು. ಒಬ್ಬ ಕನಿಕರದಿಂದ ನಕ್ಕ. ‘ಸುಮ್ನಿರಿ ಅಂಕಲ್. ಆ ರೆಫರಿ ಹೆಂಡ್ತಿ ಊರು ಅಜ್ಜಂಪುರ. ಎಲ್ರಿಗೂ ಗೊತ್ತು.’

‘ಅಯ್ಯೋ, ಆ ಮಾತು ಹುಟ್ಟಿಸ್ದೋನೇ ನಾನು ಕಣಪ್ಪಾ!’

‘ನಿಮಗೆ ಮರೆತೋಗಿದೆ ಅಂಕಲ್. ಮೂರು ಜನ ಬಾವಮೈದುನ್ರು ಗೋಲ್ ಪೋಸ್ಟ್ ಹಿಂದೆ ಕೂತಿದ್ರು. ನಮ್ಮಪ್ಪ ಕಣ್ಣಾರೆ ನೋಡಿದಾರೆ.’

ಆ ಪಂದ್ಯ ನಡೆದಾಗ ಈ ಹುಡುಗ ತೊಟ್ಟಿಲಲ್ಲಿದ್ದಿರಬೇಕು. ಹುಡುಗರು ಮೊಬೈಲಿಗೆ ಮರಳಿದರು.

ಸೋಮವಾರವೂ ಹೋದೆ, ಮಂಗಳವಾರವೂ. ಈಗ ದಿನಾ ಸಂಜೆ ಅಂಗಡಿಯ ಬಾಗಿಲು ಅರ್ಧ ಎಳೆದು ಹೋಗಿ ಅದೇ ಬೆಂಚಿನ ಮೇಲೆ ಕೂರುತ್ತೇನೆ. ಯಾರು ಪಕ್ಕಕ್ಕೆ ಬಂದರೂ ಮೊದಲಿನಿಂದ ಹೇಳುತ್ತೇನೆ. ಕೆಲವರು ನನ್ನನ್ನು ಕಂಡರೆ ಆಚೆ ಬೆಂಚಿಗೆ ಹೋಗುತ್ತಾರೆ. ಈ ಒಂದು ವಾರದಲ್ಲಿ ನಂಬಿದವರು ಮೂರೇ ಜನ.

ನೀವು ನಂಬಿದರೆ ನಾಲ್ಕು.