ತಲೆಗೂದಲಲ್ಲಿ ಸಿಕ್ಕ ಪಾಚಿ

ಮೊದಲು ಬೆವರು ನಿಂತಿತು. ಹಾಗಂತ ನನ್ನ ನೆನಪು.

ಈ ನೆನಪನ್ನು ಎಷ್ಟು ನಂಬಬೇಕೋ ಗೊತ್ತಿಲ್ಲ. ಮಿಲಿಟರಿ ಅಕಾಡೆಮಿಯಲ್ಲಿ ನನ್ನ ಮೊದಲ ಟರ್ಮ್. ಹತ್ತು ಕಿಲೋಮೀಟರ್ ಓಟದ ಪರೀಕ್ಷೆ. ಬೆನ್ನಿಗೆ ಪ್ಯಾಕ್, ಕೈಯಲ್ಲಿ ರೈಫಲ್, ಎಂಟು ಜನರ ತಂಡ. ಕೊನೆಯವನು ಮುಕ್ತಾಯದ ಗೆರೆ ದಾಟಿದ ಹೊತ್ತೇ ಇಡೀ ತಂಡದ ಹೊತ್ತು. ಆದ್ದರಿಂದ ಒಬ್ಬ ಹಿಂದೆ ಬಿದ್ದರೆ ಅವನ ಜೋಡಿಯವನು ಸೊಂಟಕ್ಕೆ ಹಗ್ಗ ಕಟ್ಟಿ ಎಳೆದುಕೊಂಡು ಓಡುತ್ತಾನೆ. ನನ್ನ ಜೋಡಿ ರಫೀಕ್. ಹುಬ್ಬಳ್ಳಿಯವನು, ಗಬ್ಬೂರಿನ ಬೈಪಾಸ್ ಹತ್ತಿರ ಅವನ ತಂದೆಯ ಲಾರಿ ಗ್ಯಾರೇಜು. ಅಕಾಡೆಮಿಯಲ್ಲಿ ನಮ್ಮ ಕನ್ನಡ ತಿಳಿಯುತ್ತಿದ್ದದ್ದು ನಮ್ಮಿಬ್ಬರಿಗೇ.

ಹಿಂದಿನ ದಿನವೇ ನನಗೆ ಮೈ ಬೆಚ್ಚಗಿತ್ತು. ಹೇಳಲಿಲ್ಲ. ಸಿಕ್ ರಿಪೋರ್ಟ್ ಮಾಡಿದವರನ್ನು ಹುಡುಗರು ಹೇಗೆ ನೋಡುತ್ತಾರೆಂದು ಗೊತ್ತಿತ್ತು. ನಾನೂ ಹಾಗೇ ನೋಡಿದವನು.

ಏಳನೇ ಕಿಲೋಮೀಟರಿನಲ್ಲಿ, ಸುಡುವ ಬಿಸಿಲಲ್ಲಿ, ಚಳಿ ಹತ್ತಿತು. ಉಳಿದ ಆರು ಜನ ತಿರುವಿನಾಚೆ ಹೋಗಿದ್ದರು. ಆಮೇಲೆ ಉಳಿದಿರುವುದು ಒಂದೇ ಚಿತ್ರ. ನನ್ನ ಸೊಂಟಕ್ಕೆ ಹಗ್ಗ. ರಫೀಕ್ ಎಳೆಯುತ್ತಿದ್ದಾನೆ. ನಾನು "ಬಿಡೋ, ಆಗೂದಿಲ್ಲ" ಅನ್ನುತ್ತಿದ್ದೇನೆ. ಅವನು ಬಿಡುತ್ತಿಲ್ಲ.

ಕಣ್ಣು ಬಿಟ್ಟಾಗ ಐಸಿಯು.

ಹೀಟ್ ಸ್ಟ್ರೋಕ್ ಎಂದರು. ಸ್ನಾಯುಗಳು ಒಡೆದು ರಕ್ತಕ್ಕೆ ಸೇರಿ ಕಿಡ್ನಿಗಳನ್ನು ಕಟ್ಟಿಹಾಕಿದ್ದವು. ಕ್ಯಾಥೆಟರ್ ಚೀಲದಲ್ಲಿ ಹಾಲಿಲ್ಲದ ಚಹಾದ ಬಣ್ಣ. ಡಯಾಲಿಸಿಸ್ ಬೇಕಾಗಬಹುದು ಎಂದು ಧಾರವಾಡದ ನಮ್ಮ ಮನೆಗೆ ಫೋನ್ ಹೋಯಿತು. ಹೈಸ್ಕೂಲ್ ಟೀಚರಾದ ಅವ್ವ ತಿದ್ದಬೇಕಿದ್ದ ಉತ್ತರಪತ್ರಿಕೆಗಳ ಕಟ್ಟನ್ನೂ ಹೊತ್ತುಕೊಂಡು ಎರಡು ರೈಲು ಬದಲಿಸಿ ಬಂದಳು.

ಮೂರನೇ ದಿನ ವಿಚಾರಣೆಗೆ ಒಬ್ಬ ಮೇಜರ್ ಬಂದರು. ಕುಸಿಯುತ್ತಿದ್ದವನನ್ನು ಯಾರಾದರೂ ಎಳೆದು ಓಡಿಸಿದರೇ ಎಂಬುದು ಅವರ ಪ್ರಶ್ನೆ. ಹೌದು, ರಫೀಕ್, ಎಂದೆ. ಬೇಡವೆಂದರೂ ಬಿಡಲಿಲ್ಲ ಎಂದೆ. ಅವರು ಬರೆದುಕೊಂಡರು. ನಾನು ಸಹಿ ಮಾಡಿದೆ. ಹಿಂದೆ ಬಿದ್ದವನನ್ನು ಎಳೆಯಬಹುದು, ಕುಸಿಯುತ್ತಿರುವವನನ್ನಲ್ಲ; ಅದು ಸಾಬೀತಾದರೆ ಅವನನ್ನು ಅಕಾಡೆಮಿಯಿಂದಲೇ ಕಳಿಸಬಹುದು ಎಂದು ನನಗೆ ಗೊತ್ತಿತ್ತು.

ಮರುದಿನ ಅವ್ವ ನನ್ನ ತಲೆ ಬಾಚಲು ಕೂತಳು. ಹಣಿಗೆಯಲ್ಲಿ ಏನೋ ಹಸಿರಾದದ್ದು ಸಿಕ್ಕಿತು.

"ಇದೇನಪಾ ತಮ್ಮಾ, ಪಾಚಿ? ಓಡಾಕ ಹೋಗಿದ್ಯೋ, ಈಸಾಕ ಹೋಗಿದ್ಯೋ?"

ಪಾಚಿ ಎಲ್ಲಿಂದ ಬಂತು? ಸಿಸ್ಟರನ್ನು ಕೇಳಿದೆ. ಅವರು ಫೈಲು ತೆರೆದು ಓದಿದರು. ಹೊಲದ ನೀರಿನ ತೊಟ್ಟಿಯೊಳಗಿಂದ ಆಂಬ್ಯುಲೆನ್ಸಿನವರು ಎತ್ತಿ ತಂದದ್ದು. ಇಬ್ಬರು ಕೆಡೆಟ್‌ಗಳು ಕುತ್ತಿಗೆಯವರೆಗೆ ನೀರಿನಲ್ಲಿದ್ದರು. ಒಬ್ಬ ಇನ್ನೊಬ್ಬನ ತಲೆ ಎತ್ತಿ ಹಿಡಿದಿದ್ದ.

ನಾನು ಯೂನಿವರ್ಸಿಟಿಯಲ್ಲಿ ಇತಿಹಾಸ ಎಂ.ಎ. ಮಾಡಿದವನು. ಒಂದೇ ಸಾಕ್ಷಿಯನ್ನು ನಂಬಬಾರದೆಂದು ಸೆಮಿನಾರುಗಳಲ್ಲಿ ಎಲ್ಲರ ಜೊತೆ ಜಗಳಾಡಿದವನು. ರಾಜರ ಶಾಸನಗಳನ್ನೂ ಬಿಡದೆ ಸಂಶಯಪಟ್ಟೆ. ನನ್ನ ತಲೆಯೊಳಗಿನ ಚಿತ್ರವನ್ನು ಮಾತ್ರ ಒಂದು ಸಲವೂ ತಿರುಗಿಸಿ ನೋಡಲಿಲ್ಲ. ಈಗ ಕಣ್ಣು ಮುಚ್ಚಿ ನೋಡಿದೆ. ಹಗ್ಗ ಇದೆ. ರಫೀಕನ ಬೆನ್ನಿದೆ. ನನ್ನ ಬೂಟು ಎಡವುತ್ತಿದೆ.

ಕಾಲ ಕೆಳಗೆ ಉತ್ತ ಮಣ್ಣು.

ಓಟದ ದಾರಿ ಮೊದಲಿಂದ ಕೊನೆಯವರೆಗೂ ಡಾಂಬರು ರಸ್ತೆ. ಅವನು ಎಳೆದದ್ದು ಗೆರೆಯ ಕಡೆಗಲ್ಲ, ನೀರಿನ ಕಡೆಗೆ.

ಡಾಕ್ಟರ್ ಸರಳವಾಗಿ ಹೇಳಿದರು: ಆ ಕೆಲವು ನಿಮಿಷ ಮೈ ತಣ್ಣಗಾಗದೇ ಹೋಗಿದ್ದರೆ ನಾವು ಬೇರೆ ಮಾತಾಡುತ್ತಿದ್ದೆವು. ಓಡುವವರಿಗೆ ಸಾಮಾನ್ಯವಾಗಿ ಬೆವರು ನಿಲ್ಲುವುದಿಲ್ಲ, ಅಷ್ಟು ಕಾದ ಮಿದುಳು ಏನು ಹೇಳಿದರೂ ಪೂರ್ತಿ ನಂಬಬೇಡಿ, ಎಂದೂ ಸೇರಿಸಿದರು.

ಮೇಜರನ್ನು ಮತ್ತೆ ಕರೆಸಿ ಎರಡನೇ ಹೇಳಿಕೆ ಕೊಟ್ಟೆ: ರಫೀಕ್ ಎಳೆದದ್ದು ತೊಟ್ಟಿಯ ಕಡೆಗೆ, ನಾನು ನೀರಿಗೆ ಇಳಿದೆ. ಎರಡರಲ್ಲಿ ಯಾವುದು ನಿಜ ಎಂದು ಕೇಳಿದರು. ಎರಡನೆಯದೂ ಪೂರ್ತಿ ನಿಜವೆಂದು ಹೇಳಲಾರೆ, ಆದರೆ ರಸ್ತೆಯ ಮೇಲೆ ಪಾಚಿ ಬೆಳೆಯುವುದಿಲ್ಲ ಎಂದೆ. ಈ ಸಲ ಅವರು ಬರೆದದ್ದನ್ನು ಎರಡೆರಡು ಸಲ ಓದಿ ಸಹಿ ಮಾಡಿದೆ.

ಡಯಾಲಿಸಿಸ್ ಬೇಕಾಗಲಿಲ್ಲ. ಚೀಲದ ಬಣ್ಣ ದಿನದಿನಕ್ಕೆ ತಿಳಿಯಾಯಿತು. ಅವ್ವ ಪ್ರತಿ ಬೆಳಿಗ್ಗೆ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಆಮೇಲೆ ಪೇಪರ್ ತಿದ್ದಲು ಕೂರುತ್ತಿದ್ದಳು. ಮೆಡಿಕಲ್ ಬೋರ್ಡ್ ಆರು ತಿಂಗಳು ಮನೆಗೆ ಕಳಿಸಿದೆ. ಮುಂದಿನ ಬ್ಯಾಚಿನ ಜೊತೆ ನಾನು ಮತ್ತೆ ಮೊದಲಿನಿಂದ ಶುರು ಮಾಡಬೇಕು. ರಫೀಕನ ಮೇಲೆ ಯಾವ ಕ್ರಮವೂ ಆಗಲಿಲ್ಲ.

ಹೋದ ವಾರ ಅವನು ರಜೆಯಲ್ಲಿ ಬಂದಿದ್ದ. ಧಾರವಾಡದ ಕೆಲಗೇರಿ ಕೆರೆಯ ದಂಡೆಯ ಮೇಲೆ ಇಬ್ಬರೂ ನಡೆದೆವು. ಇಪ್ಪತ್ತು ನಿಮಿಷ, ಅಷ್ಟೇ ಡಾಕ್ಟರ್ ಅಪ್ಪಣೆ.

"ನಾ ನಿನ್ನ ಮ್ಯಾಲೆ ಬರದಕೊಟ್ಟಿದ್ದೆ," ಎಂದೆ.

"ಗೊತ್ತೈತಿ. ಓದಿ ಹೇಳಿದ್ರು."

"ಸಿಟ್ಟ ಬರಲಿಲ್ಲೇನು?"

"ಬರಲಾರದ ಏನು? ಎರಡ ದಿನ ಊಟ ಸೇರಲಿಲ್ಲ." ಒಂದು ಕಲ್ಲು ಹೆಕ್ಕಿ ಕೆರೆಗೆ ಎಸೆದ. "ಎರಡನೇದ್ದೂ ಓದಿದ್ರು. ಅದರಾಗೂ ಒಂದ ತಪ್ಪೈತಿ. ನೀರಿಗೆ ಇಳದೆ ಅಂತ ಬರದಿ. ಎಲ್ಲಿ ಇಳದ್ಯೋ? ಕಚ್ಚಿದಿ." ಮಣಿಕಟ್ಟು ತೋರಿಸಿದ. ಹಲ್ಲಿನ ಗುರುತು, ಅರ್ಧಚಂದ್ರದ ಹಾಗೆ.

ನನಗೆ ಅದರ ನೆನಪು ಒಂಚೂರೂ ಇಲ್ಲ.

"ಅಪ್ಪಾಗ ಹೇಳಿದೆ," ಎಂದ. "ಕಾದ ಇಂಜಿನ್ ಮ್ಯಾಲೆ ಯಾರರ ತಣ್ಣೀರ ಹಾಕ್ತಾರೇನೋ ಹುಚ್ಚಾ, ಸೀಳತೈತಿ, ಅಂತ ಬೈದ್ರು. ಇಷ್ಟ ವರ್ಷ ಗ್ಯಾರೇಜ್‌ನ್ಯಾಗ ಏನ ಕಲತಿ ಅಂದ್ರು."

ಇಬ್ಬರೂ ನಕ್ಕೆವು. ನಗುತ್ತ ಹಣೆ ಒರೆಸಿಕೊಂಡೆ. ಬೆರಳು ಒದ್ದೆಯಾಯಿತು. ಎದುರು ಹಿಡಿದು ತೋರಿಸಿದೆ. ಅವನೂ ನೋಡಿ, ಬೆವರೇ, ಅಂದ. ಇದಕ್ಕೆ ಎರಡನೇ ಸಾಕ್ಷಿ ಸಿಕ್ಕಿತು; ಇನ್ನು ನಾನು ಮರೆತರೂ ಚಿಂತೆಯಿಲ್ಲ.

ಅವನು ಗಡಿಯಾರ ನೋಡಿ, "ಸಾಕು, ನಿಂದ್ರ," ಎಂದ.

ನಾನು ನಿಂತೆ.